ನಡೆದು ಹೋದವರೇ ನಡೆದು ಬರುವುದು

ಕಲ್ಲಡ್ಕ ದಾಟಿ ಮಂಗಳೂರಿನ ಕಡೆ ಬರುವಾಗ ಮೆಲ್ಕಾರ್‌ನಲ್ಲಿ ದಾರಿ ಎರಡಾಗುತ್ತದೆ. ನೇರ ಹೋದರೆ ಪಾಣೆಮಂಗಳೂರು, ನೇತ್ರಾವತಿಯ ಸೇತುವೆ, ಬಿ.ಸಿ.ರೋಡು, ಫರಂಗಿಪೇಟೆ, ಕೊನೆಗೆ ಮಂಗಳೂರು. ಎಡಕ್ಕೆ ತಿರುಗಿದರೆ ಮುಡಿಪು, ಕೊಣಾಜೆ, ದೇರಳಕಟ್ಟೆ. ಎರಡೂ ದಾರಿಯ ತುದಿಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ಎಂಆರ್‌ಐ ಯಂತ್ರಗಳಿವೆ, ನರಶಸ್ತ್ರಚಿಕಿತ್ಸಕರಿದ್ದಾರೆ. 1848ರಲ್ಲಿ ಆರಂಭವಾದ ವೆನ್ಲಾಕ್ ಜಿಲ್ಲಾಸ್ಪತ್ರೆಯೂ ಮಂಗಳೂರಿನಲ್ಲೇ ಇದೆ. ಬಂಟ್ವಾಳದವರಿಗೆ ಇದು ಒಂದು ಗಂಟೆಯ ಹಾದಿ, ಮೂಡುಬಿದಿರೆಯವರಿಗೂ ಹೆಚ್ಚುಕಡಿಮೆ ಅಷ್ಟೇ, ಬೆಳ್ತಂಗಡಿಯ ಘಟ್ಟದ ಬುಡದ ಹಳ್ಳಿಗಳವರು ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು. ಬೆನ್ನುಮೂಳೆಯೊಳಗಿನ ಗಡ್ಡೆಗೆ ಚಿಕಿತ್ಸೆ ಬೇಕಾದಾಗ ರಾಜ್ಯದ ಎಷ್ಟೋ ತಾಲೂಕುಗಳಿಗೆ ಇಲ್ಲದ ಅನುಕೂಲ ಇದು. ಹಾಗಾಗಿ ಇಲ್ಲಿ ತಡವಾದರೆ ರಸ್ತೆಯನ್ನು ದೂರಿ ಪ್ರಯೋಜನವಿಲ್ಲ.

ಬೆನ್ನಿನ ಗಡ್ಡೆಯನ್ನು ಈಗ ಸಣ್ಣ ಗಾಯದಲ್ಲೇ ತೆಗೆಯಬಹುದು ಎಂಬ ಮಾತು ಆಸ್ಪತ್ರೆಗಳ ಜಾಹೀರಾತಿನಲ್ಲಿ, ಆರೋಗ್ಯ ಪುರವಣಿಗಳಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಕಾಣುತ್ತಿರುತ್ತದೆ. ಕೀಹೋಲ್ ಸರ್ಜರಿ ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆ. ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳುವವರು ಒತ್ತು ಕೊಡುವುದು ಗಾಯದ ಉದ್ದಕ್ಕೆ, ಹೊಲಿಗೆಯ ಲೆಕ್ಕಕ್ಕೆ, ಬೇಗ ಮನೆಗೆ ಹೋಗುವುದಕ್ಕೆ. ಚರ್ಮದ ಮೇಲಿನ ಗಾಯ ಹತ್ತು ಸೆಂಟಿಮೀಟರ್ ಇದ್ದರೇನು, ಎರಡು ಇದ್ದರೇನು, ಕಾಲು ಉಳಿಯುವುದು ಅದರಿಂದಲ್ಲ. ಈ ವಿಧಾನದ ನಿಜವಾದ ಕೊಡುಗೆ ದಿನಗಳು: ರೋಗಿ ಬೇಗ ಎದ್ದು ಕೂರುವ, ವಿಕಿರಣ ಚಿಕಿತ್ಸೆಯೋ ಕಿಮೋಥೆರಪಿಯೋ ಬೇಗ ಆರಂಭವಾಗುವ ದಿನಗಳು. ಹೀಗೆ ಉಳಿಸಿಕೊಟ್ಟ ಹತ್ತು ಹದಿನೈದು ದಿನಕ್ಕೆ ಬೆಲೆ ಬರಬೇಕಾದರೆ, ಆಪರೇಷನ್ ಥಿಯೇಟರಿಗೆ ಬರುವ ಮೊದಲು ಮನೆಯಲ್ಲೇ ಎರಡು ಮೂರು ತಿಂಗಳು ಕಳೆದುಹೋಗಿರಬಾರದು. ನನ್ನ ವಾದವೆಲ್ಲ ಇಷ್ಟೇ. ಅದಕ್ಕೆ ಆಧಾರಗಳೇನು, ಎದುರು ಮಾತುಗಳೇನು ಎಂದು ನೋಡೋಣ.

ಮೊದಲು ಜಾಗದ ಪರಿಚಯ. ಬೆನ್ನುಹುರಿ ಎಂದರೆ ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪದ, ಸುಮಾರು 45 ಸೆಂಟಿಮೀಟರ್ ಉದ್ದದ ಮೆದುವಾದ ಹುರಿ. ಮೂಳೆಗಳನ್ನು ಒಂದರ ಮೇಲೊಂದು ಪೇರಿಸಿ ಆದ ಸುರಂಗದೊಳಗೆ, ಒಂದು ಗಟ್ಟಿ ಹೊದಿಕೆಯಲ್ಲಿ, ನೀರಿನಲ್ಲಿ ತೇಲುತ್ತಿರುತ್ತದೆ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗಿರುವುದು ನರಗಳ ಗೊಂಚಲು. ಗಡ್ಡೆ ಹುಟ್ಟುವ ಜಾಗ ಮೂರು. ಹುರಿಯ ಒಳಗೇ ಬೆಳೆಯುವವು ಅಪರೂಪ. ಹೊದಿಕೆಯ ಒಳಗೆ, ಆದರೆ ಹುರಿಯ ಹೊರಗೆ ಬೆಳೆಯುವವು ಹೆಚ್ಚಾಗಿ ಶ್ವಾನೋಮಾ ಮತ್ತು ಮೆನಿಂಜಿಯೋಮಾ. ಇವು ಬಹುತೇಕ ಕ್ಯಾನ್ಸರ್ ಅಲ್ಲ, ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತವೆ, ಪೂರ್ತಿ ತೆಗೆದರೆ ಹೆಚ್ಚಿನವರಿಗೆ ಅಲ್ಲಿಗೆ ಮುಗಿಯಿತು. ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವುದು, ಬೇರೆ ಕಡೆಯ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಆದದ್ದು. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರ್‌ಗಳಿಗೆ ಬೆನ್ನುಮೂಳೆ ಎಂದರೆ ತೀರಾ ಹತ್ತಿರದ ತಾಣ. ಹರಡಿದ ಗಡ್ಡೆ ಮೂಳೆಯನ್ನು ತಿನ್ನುತ್ತದೆ, ಮೂಳೆ ಕುಸಿಯುತ್ತದೆ, ಸುರಂಗದಲ್ಲಿ ಜಾಗವಿಲ್ಲದೆ ಹುರಿ ಒತ್ತಿಹೋಗುತ್ತದೆ. ಹೀಗೆ ಒತ್ತುವುದು ಹೆಚ್ಚಾಗಿ ಎದೆಯ ಹಿಂಭಾಗದಲ್ಲಿ, ಪಕ್ಕೆಲುಬು ಸೇರುವ ಆ 12 ಮೂಳೆಗಳ ಸಾಲಿನಲ್ಲಿ.

ಬೆನ್ನುಹುರಿಯ ಗಡ್ಡೆಯನ್ನು ಮೊದಲ ಬಾರಿ ಯಶಸ್ವಿಯಾಗಿ ತೆಗೆದದ್ದು 1887ರ ಜೂನ್‌ನಲ್ಲಿ, ಲಂಡನ್ನಿನಲ್ಲಿ. ರೋಗ ಇದೇ ಎಂದು ಗುರುತಿಸಿದವರು ವಿಲಿಯಂ ಗವರ್ಸ್, ಆಪರೇಷನ್ ಮಾಡಿದವರು ವಿಕ್ಟರ್ ಹಾರ್ಸ್ಲಿ. ರೋಗಿ ಸೈನ್ಯದ ಅಧಿಕಾರಿ. ಮೂರು ವರ್ಷದಿಂದ ಬೆನ್ನುನೋವು, ಹಲವು ವೈದ್ಯರನ್ನು ಕಂಡಾಗಿತ್ತು, ಕೊನೆಗೆ ಎರಡೂ ಕಾಲು ಬಿದ್ದಿದ್ದವು. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಕಾಲಿನ ಬಲ, ಚರ್ಮದ ಸ್ಪರ್ಶ ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಪರೀಕ್ಷಿಸಿ ಗಡ್ಡೆ ಇಂಥಲ್ಲಿರಬೇಕು ಎಂದು ಲೆಕ್ಕ ಹಾಕಿದ್ದರು. ತೆರೆದ ಜಾಗದಲ್ಲಿ ಗಡ್ಡೆ ಸಿಗಲಿಲ್ಲ. ಇನ್ನೂ ಮೇಲಿನ ಮೂಳೆ ತೆಗೆದಾಗ ಕಂಡಿತು. ಆ ಅಧಿಕಾರಿ ಮತ್ತೆ ನಡೆದರು, ಕೆಲಸಕ್ಕೂ ಮರಳಿದರು. ಈ ಕಥೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಆ ಎರಡನೇ ಹುಡುಕಾಟ. ಹಳೆಯ ಕಾಲದ ದೊಡ್ಡ ಗಾಯಕ್ಕೆ ಒಂದು ಕಾರಣ, ಗಡ್ಡೆ ಎಲ್ಲಿದೆ ಎಂದು ಖಚಿತವಿಲ್ಲದ್ದು. ಇಂದು ಎಂಆರ್‌ಐ ಅದನ್ನು ಮಿಲಿಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ, ಥಿಯೇಟರಿನಲ್ಲಿ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಇಟ್ಟುಕೊಂಡು ಪಕ್ಕೆಲುಬು ಎಣಿಸಿ ಅದೇ ಮೂಳೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕತ್ತಿ ಇಡುತ್ತಾರೆ. ಸಣ್ಣ ಗಾಯ ಮೊದಲು ಸಾಧ್ಯವಾದದ್ದು ಚಿತ್ರ ತೆಗೆಯುವ ಯಂತ್ರಗಳಿಂದ, ಆಮೇಲೆ ಕೈಚಳಕದಿಂದ.

ಹಾರ್ಸ್ಲಿ ಕಾಲದಿಂದ ಬಂದ ಪದ್ಧತಿಯಲ್ಲಿ ಬೆನ್ನಿನ ನಡುಗೆರೆಯಲ್ಲಿ ಉದ್ದಕ್ಕೆ ಕೊಯ್ದು, ಎರಡೂ ಬದಿಯ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ, ಸುರಂಗದ ಹಿಂಗೋಡೆಯ ಮೂಳೆಯನ್ನು ತೆಗೆಯಬೇಕು. ಗಡ್ಡೆ ಇದ್ದದ್ದು ಕಡಲೆಕಾಯಿಯಷ್ಟಾದರೂ ಅದನ್ನು ತಲುಪಲು ಕೆಡಿಸಬೇಕಾದ ಸ್ನಾಯು ಒಂದು ಗೇಣು. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಅವು. ಬಿಡಿಸಿದವು ಮತ್ತೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಇನ್ನೊಂದು ತೊಂದರೆಯೂ ಇತ್ತು. ಹರಡಿದ ಕ್ಯಾನ್ಸರ್ ಮೂಳೆಯ ಮುಂಭಾಗವನ್ನು ತಿಂದಿರುವಾಗ ಹಿಂಗೋಡೆಯನ್ನೂ ತೆಗೆದರೆ ನಿಲ್ಲುವುದಾದರೂ ಯಾವುದರ ಮೇಲೆ? 1980ರಲ್ಲಿ ಬಂದ ಒಂದು ಸಣ್ಣ ಹೋಲಿಕೆ ಅಧ್ಯಯನ, ಹಿಂಗೋಡೆ ತೆಗೆದು ವಿಕಿರಣ ಕೊಟ್ಟರೂ ಬರೇ ವಿಕಿರಣ ಕೊಟ್ಟರೂ ಫಲ ಒಂದೇ ಎಂದಿತು. ಆ ಮೇಲೆ ಬಹಳ ವರ್ಷ, ಹರಡಿದ ಕ್ಯಾನ್ಸರ್ ಇದ್ದವರಿಗೆ ಬೆನ್ನಿನ ಆಪರೇಷನ್ ವ್ಯರ್ಥ ಎಂಬ ಅಭಿಪ್ರಾಯವೇ ಗಟ್ಟಿಯಾಗಿತ್ತು. ನಮ್ಮಲ್ಲಿ ಹಿರಿಯರು ಇಂದಿಗೂ ಹೇಳುವ ‘ಬೆನ್ನಿಗೆ ಕತ್ತಿ ಹಾಕಿಸಬೇಡಿ’ ಎಂಬ ಮಾತಿನ ಹಿಂದೆ ಆ ಕಾಲದ ಅನುಭವ ಇದೆ, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಾರೆ. ಆದರೆ ಆ ಕಾಲ ಮುಗಿದಿದೆ.

ಮುಗಿಸಿದ್ದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ರಾಯ್ ಪ್ಯಾಚೆಲ್ ಮತ್ತು ಸಂಗಡಿಗರ ಅಧ್ಯಯನ. ಕ್ಯಾನ್ಸರ್ ಹರಡಿ ಬೆನ್ನುಹುರಿ ಒತ್ತಿಹೋಗಿದ್ದ 101 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಿಕಿರಣ ಮಾತ್ರ. ಇನ್ನೊಂದಕ್ಕೆ ಮೊದಲು ಒತ್ತಡ ಇರುವ ಕಡೆಯಿಂದಲೇ ಅದನ್ನು ತೆಗೆದು, ಮೂಳೆ ಅಲುಗಾಡುವಂತಿದ್ದರೆ ಅದನ್ನು ಭದ್ರಪಡಿಸಿ, ಆಮೇಲೆ ವಿಕಿರಣ. ಚಿಕಿತ್ಸೆಯ ನಂತರ ನಡೆಯಬಲ್ಲವರಾಗಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 57, ಎರಡನೆಯದರಲ್ಲಿ 84. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದರೊಳಗಿನ ಇನ್ನೊಂದು ಲೆಕ್ಕ ಇನ್ನೂ ಮುಖ್ಯ. ಬರುವಾಗಲೇ ನಡೆಯಲಾರದವರಾಗಿದ್ದವರು ಪ್ರತಿ ಗುಂಪಿನಲ್ಲಿ 16 ಮಂದಿ. ಆಪರೇಷನ್ ಆದವರಲ್ಲಿ 10 ಮಂದಿ ಮತ್ತೆ ನಡೆದರು, ವಿಕಿರಣ ಮಾತ್ರ ಸಿಕ್ಕವರಲ್ಲಿ 3 ಮಂದಿ. ಹತ್ತು ಎಂಬುದು ದೊಡ್ಡ ಸಂಖ್ಯೆ, ಆದರೆ ಉಳಿದ ಆರು ಮಂದಿಗೆ ಆಪರೇಷನ್ ಆದರೂ ಕಾಲು ಮರಳಲಿಲ್ಲ. ಎರಡು ದಿನಕ್ಕಿಂತ ಹೆಚ್ಚು ಕಾಲ ಕಾಲು ಪೂರ್ತಿ ಬಿದ್ದವರನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಆಸ್ಪತ್ರೆಗೆ ನಡೆದು ಬಂದವರು ಬಹುಪಾಲು ನಡೆದುಕೊಂಡೇ ಉಳಿಯುತ್ತಾರೆ. ಎತ್ತಿಕೊಂಡು ತಂದವರಲ್ಲಿ ಆ ಭರವಸೆ ಕಡಿಮೆ. ಆಮೇಲೆ ಬಂದ ಯಾವ ತಂತ್ರವೂ ಈ ನಿಯಮವನ್ನು ಬದಲಿಸಿಲ್ಲ.

ಪ್ಯಾಚೆಲ್ ಅಧ್ಯಯನದಲ್ಲಿ ಆದದ್ದು ದೊಡ್ಡ ಗಾಯದ ಆಪರೇಷನ್‌ಗಳೇ. ಆ ಲಾಭವನ್ನು ಕಡಿಮೆ ಹಾನಿಯಲ್ಲಿ ಪಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರವಾಗಿ ನಿಂತದ್ದು ಆಗಲೇ ರೂಪುಗೊಳ್ಳುತ್ತಿದ್ದ ಸಣ್ಣ ಗಾಯದ ವಿಧಾನಗಳು. ಅವುಗಳ ಮುಖ್ಯ ಸಾಧನ ಬಲು ಸರಳ: ಒಂದು ಕೊಳವೆ. 1997ರಲ್ಲಿ ಅಮೆರಿಕದ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ ಜಾರಿದ ಡಿಸ್ಕ್ ತೆಗೆಯಲು ಅದನ್ನು ಬಳಸಿದರು. 2006ರ ಹೊತ್ತಿಗೆ ಅದೇ ದಾರಿಯಲ್ಲಿ ಹೊದಿಕೆಯೊಳಗಿನ ಗಡ್ಡೆಗಳನ್ನು ತೆಗೆದ ವರದಿಗಳು ಬಂದವು. ಕೆಲಸ ನಡೆಯುವುದು ಹೀಗೆ. ನಡುಗೆರೆಯಿಂದ ಸ್ವಲ್ಪ ಬದಿಗೆ ಎರಡು ಮೂರು ಸೆಂಟಿಮೀಟರ್ ಕೊಯ್ಯುತ್ತಾರೆ. ಅಲ್ಲಿಂದ ಪೆನ್ಸಿಲ್ಲಿಗಿಂತ ಸಪೂರದ ಸರಳೊಂದನ್ನು ಸ್ನಾಯುವಿನ ಎಳೆಗಳ ನಡುವೆ ಮೂಳೆಯವರೆಗೆ ಇಳಿಸುತ್ತಾರೆ. ಅದರ ಮೇಲೆ ಇನ್ನೊಂದು ದಪ್ಪದ ಕೊಳವೆ, ಅದರ ಮೇಲೆ ಮತ್ತೊಂದು, ಒಂದರೊಳಗೊಂದು ಕೂರುವ ಡಬ್ಬಿಗಳ ಹಾಗೆ. ಸ್ನಾಯು ಎಲ್ಲೂ ತುಂಡಾಗುವುದಿಲ್ಲ, ಎಳೆಗಳು ಬೇರೆಯಾಗಿ ದಾರಿ ಬಿಡುತ್ತವೆ. ಕೊನೆಗೆ ಸುಮಾರು ಎರಡು ಸೆಂಟಿಮೀಟರ್ ಅಗಲದ ಕೊಳವೆ ಒಂದೇ ಉಳಿಸಿ ಒಳಗಿನವನ್ನೆಲ್ಲ ತೆಗೆಯುತ್ತಾರೆ. ಮೇಲಿನಿಂದ ಮೈಕ್ರೋಸ್ಕೋಪಿನ ಬೆಳಕು ಬೀಳುತ್ತದೆ. ಹಿಂಗೋಡೆಯ ಒಂದು ಬದಿಯನ್ನಷ್ಟೇ ಸಣ್ಣ ಡ್ರಿಲ್ಲಿನಿಂದ ಕೊರೆದು, ಹೊದಿಕೆಯನ್ನು ಬಿಡಿಸಿ, ಗಡ್ಡೆಯನ್ನು ಒಳಗಿನಿಂದ ಖಾಲಿ ಮಾಡುತ್ತಾ ನರದಿಂದ ಬೇರ್ಪಡಿಸುತ್ತಾರೆ. ಹೆಚ್ಚು ಕಷ್ಟ ಕೊನೆಯಲ್ಲಿ: ಉದ್ದನೆಯ ಸಲಕರಣೆ ಹಿಡಿದು ಆ ಕೊಳವೆಯ ಬುಡದಲ್ಲಿ ಕೂದಲೆಳೆಯಂಥ ನೂಲಿನಿಂದ ಹೊದಿಕೆಯನ್ನು ನೀರು ಸೋರದಂತೆ ಹೊಲಿಯಬೇಕು. ಕೊಳವೆ ಹೊರತೆಗೆದ ಕೂಡಲೇ ಸ್ನಾಯು ತನ್ನಿಂದ ತಾನೇ ಕೂಡಿಕೊಳ್ಳುತ್ತದೆ. ನೀರು ಸೋರಿ ತುಂಬಿಕೊಳ್ಳಲು ಒಳಗೆ ಪೊಳ್ಳು ಜಾಗ ಉಳಿಯುವುದಿಲ್ಲ. ದೊಡ್ಡ ಗಾಯಕ್ಕಿಂತ ಇದು ಮೇಲು ಎನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು.

ಹರಡಿದ ಕ್ಯಾನ್ಸರ್‌ನಲ್ಲಿ ಲೆಕ್ಕಾಚಾರ ಬೇರೆ. ಅಲ್ಲಿ ಗಡ್ಡೆಯನ್ನು ಬುಡಸಹಿತ ಕೀಳುವ ಹಟವನ್ನು ಈಗ ಹೆಚ್ಚಿನವರು ಬಿಟ್ಟಿದ್ದಾರೆ. ಗಡ್ಡೆಗೂ ಬೆನ್ನುಹುರಿಗೂ ನಡುವೆ ಒಂದಿಷ್ಟು ಜಾಗ ಬಿಡಿಸಿದರೆ ಸಾಕು; ಉಳಿದದ್ದನ್ನು ಗುರಿಯಿಟ್ಟು ಕೊಡುವ ಹೆಚ್ಚಿನ ಪ್ರಮಾಣದ ವಿಕಿರಣ ಸುಡುತ್ತದೆ. ಹುರಿಗೆ ತಾಗದಂತೆ ವಿಕಿರಣ ಕೊಡಲು ಬೇಕಾದದ್ದು ಆ ಕೆಲವು ಮಿಲಿಮೀಟರ್ ಅಂತರ. ಕುಸಿಯುತ್ತಿರುವ ಮೂಳೆಗೆ ಮೇಲೂ ಕೆಳಗೂ ಸ್ಕ್ರೂ ಹಾಕಿ ಸರಳು ಕೂರಿಸಬೇಕಾದಾಗ ಈಗ ಬೆರಳಗಲದ ಗಾಯಗಳ ಮೂಲಕವೇ ಅದನ್ನು ಮಾಡುತ್ತಾರೆ. ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರ್ ಹರಡಿದ ಗಡ್ಡೆಗಳು ಕೈ ಇಟ್ಟರೆ ರಕ್ತ ಚಿಮ್ಮುವಂಥವು; ಅವುಗಳಿಗೆ ಮೊದಲು ತೊಡೆಯ ರಕ್ತನಾಳದಿಂದ ಸಪೂರ ನಳಿಗೆ ಹಾಯಿಸಿ ಗಡ್ಡೆಯ ರಕ್ತಪೂರೈಕೆಯನ್ನು ಕಟ್ಟಿಹಾಕುತ್ತಾರೆ. ಈಗ ದಿನಗಳ ವಿಷಯಕ್ಕೆ ಬರೋಣ. ವಿಕಿರಣ ಗಾಯ ಮಾಗುವುದನ್ನು ತಡೆಯುತ್ತದೆ. ಉದ್ದ ಗಾಯವಾದರೆ ಸಾಮಾನ್ಯವಾಗಿ ಎರಡು ವಾರವಾದರೂ ಕಾಯಬೇಕು, ಗಾಯ ಕೀವಾದರೆ ತಿಂಗಳೂ ಹೋಗುತ್ತದೆ. ಅಷ್ಟೂ ದಿನ ಕ್ಯಾನ್ಸರ್ ಬೆಳೆಯುತ್ತಲೇ ಇರುತ್ತದೆ. ಸಣ್ಣ ಗಾಯ ಈ ಕಾಯುವಿಕೆಯನ್ನು ಕಡಿಮೆ ಮಾಡುತ್ತದೆ. ಕಿಮೋ ತೆಗೆದುಕೊಂಡು ಬಳಲಿದ, ಸಕ್ಕರೆ ಕಾಯಿಲೆಯೂ ಇರುವ ಅರುವತ್ತರ ಪ್ರಾಯದವರಿಗೆ ಇದರ ಬೆಲೆ ಇನ್ನೂ ಹೆಚ್ಚು.

ಮೂಳೆಯ ಕುಸಿತ ಒಂದೇ ತೊಂದರೆಯಾಗಿ, ಹುರಿಗೆ ಒತ್ತಡ ಬಿದ್ದಿರದಿದ್ದರೆ ಇನ್ನೂ ಸಣ್ಣ ದಾರಿ ಇದೆ: ಸೂಜಿಯಲ್ಲಿ ಸಿಮೆಂಟು. ಈಗ ಇದನ್ನು ಹೆಚ್ಚಾಗಿ ವಯಸ್ಸಾದವರ ಸವಕಲು ಮೂಳೆಗೆ ಮಾಡುವುದರಿಂದ ಅದರ ಮೂಲ ಮರೆತಿದೆ. 1984ರಲ್ಲಿ ಫ್ರಾನ್ಸಿನ ಅಮಿಯಾನ್ ಪಟ್ಟಣದಲ್ಲಿ ಗಾಲಿಬರ್ ಮತ್ತು ಡೆರಾಮೋ ಎಂಬ ವೈದ್ಯರು ಮೊದಲ ಬಾರಿ ಹೀಗೆ ಸಿಮೆಂಟು ತುಂಬಿದ್ದು ಕತ್ತಿನ ಎರಡನೇ ಮೂಳೆಯನ್ನು ತಿಂದಿದ್ದ ರಕ್ತನಾಳದ ಗಡ್ಡೆಗೆ. ಸೂಜಿಯ ಇನ್ನೊಂದು ಉಪಯೋಗವನ್ನು ನಮ್ಮ ಜನ ಮುಖ್ಯವಾಗಿ ತಿಳಿಯಬೇಕು, ಅದು ಬಯಾಪ್ಸಿ. ಎಂಆರ್‌ಐಯಲ್ಲಿ ಬೆನ್ನುಮೂಳೆ ಕರಗಿದಂತೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿ ಇಂದಿಗೂ ಸಾಮಾನ್ಯ. ಅದಕ್ಕೆ ಬೇಕಾದ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಬಹಳಷ್ಟು ಮಂದಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಲಿಂಫೋಮಾ, ಮಯಲೋಮಾಗಳಂಥ ರಕ್ತದ ಕ್ಯಾನ್ಸರ್‌ಗಳು ಔಷಧಿಗೂ ವಿಕಿರಣಕ್ಕೂ ಬೇಗ ಕರಗುತ್ತವೆ. ಸಿ.ಟಿ. ನೋಡಿಕೊಂಡು ಸೂಜಿಯಲ್ಲಿ ತೆಗೆದ ಒಂದು ಚೂರು ಇಡೀ ಆಪರೇಷನ್ನನ್ನೇ ತಪ್ಪಿಸಬಹುದು. ಸಣ್ಣ ಗಾಯದ ಚಿಕಿತ್ಸೆ ಎಂದು ಯಾವುದನ್ನಾದರೂ ಕೊಂಡಾಡಬೇಕಾದರೆ ನಾನು ಮೊದಲು ಈ ಸೂಜಿಯನ್ನೇ ಹೆಸರಿಸುತ್ತೇನೆ.

ಅಷ್ಟು ಸಣ್ಣ ತೂತಿನಿಂದ ಗಡ್ಡೆಯೆಲ್ಲ ಬರುತ್ತದೆಯೇ, ಒಳಗೆ ಬಿಟ್ಟುಬಿಡುವುದಿಲ್ಲವೇ ಎಂದು ಯಾರಾದರೂ ಕೇಳುವುದು ಸಹಜ, ಕೇಳಲೇಬೇಕು ಕೂಡ. ಹೊದಿಕೆಯೊಳಗಿನ ಸಣ್ಣ ಶ್ವಾನೋಮಾ, ಮೆನಿಂಜಿಯೋಮಾಗಳ ಮಟ್ಟಿಗೆ, ಅನುಭವವಿರುವವರ ಕೈಯಲ್ಲಿ ಎರಡೂ ವಿಧಾನಗಳ ಫಲ ಹೆಚ್ಚುಕಡಿಮೆ ಒಂದೇ ಎಂದು ಪ್ರಕಟವಾದ ವರದಿಗಳು ಹೇಳುತ್ತವೆ. ಕೊಳವೆಯ ವಿಧಾನದಲ್ಲಿ ರಕ್ತ ಹೋಗುವುದು, ಆಸ್ಪತ್ರೆಯಲ್ಲಿ ಮಲಗುವ ದಿನ ಕಡಿಮೆ. ಆದರೆ ಆ ವರದಿಗಳಲ್ಲಿ ಹೆಚ್ಚಿನವು ಆದ ಆಪರೇಷನ್‌ಗಳ ದಾಖಲೆಯನ್ನು ಹಿಂತಿರುಗಿ ನೋಡಿ ಬರೆದವು. ಯಾವ ಗಡ್ಡೆಗೆ ಯಾವ ವಿಧಾನ ಎಂದು ವೈದ್ಯರೇ ಆರಿಸಿಕೊಂಡಿದ್ದಾಗ ಸುಲಭದವು ಕೊಳವೆಯ ಪಾಲಿಗೆ ಬಂದಿರುವ ಸಾಧ್ಯತೆ ಇದೆ. ಪ್ಯಾಚೆಲ್ ಅಧ್ಯಯನದಷ್ಟು ಗಟ್ಟಿ ಪುರಾವೆ ಎಂದು ಅವನ್ನು ನಾನು ಮಂಡಿಸಲಾರೆ. ಕೊಳವೆ ಸಲ್ಲದ ಜಾಗಗಳೂ ಇವೆ. ಹುರಿಯ ಒಳಗೇ ಬೆಳೆದ ಎಪೆಂಡೈಮೋಮಾಕ್ಕೆ ನಡುಗೆರೆಯಲ್ಲಿ ಸಾಕಷ್ಟು ತೆರೆದು ಕೆಲಸ ಮಾಡುವುದೇ ಕ್ಷೇಮ. ಕಾರ್ಡೋಮಾದಂಥ, ಮೂಳೆಯಲ್ಲೇ ಹುಟ್ಟುವ ಕೆಲವು ಅಪರೂಪದ ಕ್ಯಾನ್ಸರ್‌ಗಳನ್ನು ಚೂರು ಮಾಡದೆ ಇಡಿಯಾಗಿ ತೆಗೆದರೆ ಮಾತ್ರ ಗುಣ. ಅಲ್ಲಿ ಸಣ್ಣ ತೂತಿನಿಂದ ಚೂರು ಚೂರಾಗಿ ಕಿತ್ತರೆ ಕ್ಯಾನ್ಸರನ್ನು ದಾರಿಯುದ್ದಕ್ಕೂ ಬಿತ್ತಿದಂತೆ. ಗಾಯದ ಅಳತೆಯನ್ನು ಗಡ್ಡೆ ನಿರ್ಧರಿಸಬೇಕು, ಜಾಹೀರಾತು ಅಲ್ಲ. ಆಪರೇಷನ್ ಮಾಡುವವರನ್ನು ಕೇಳಬೇಕಾದ ಪ್ರಶ್ನೆ ‘ಎಷ್ಟು ಹೊಲಿಗೆ’ ಎಂದಲ್ಲ. ‘ಇದು ಯಾವ ಜಾತಿಯ ಗಡ್ಡೆ, ಪೂರ್ತಿ ತೆಗೆಯುವುದು ಉದ್ದೇಶವೋ ಒತ್ತಡ ತಗ್ಗಿಸುವುದೋ, ಒಳಗೆ ಕಷ್ಟವಾದರೆ ಗಾಯ ದೊಡ್ಡದು ಮಾಡುವ ಸಿದ್ಧತೆ ಇದೆಯೇ, ಇಂಥವನ್ನು ನೀವು ಎಷ್ಟು ಮಾಡಿದ್ದೀರಿ’ ಎಂದು. ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಹಣದ ಮಾತೂ ಬರುತ್ತದೆ. ಸ್ಕ್ರೂ, ಕೊಳವೆ, ಮೈಕ್ರೋಸ್ಕೋಪು ಎಲ್ಲ ದುಬಾರಿ, ಇದು ಉಳ್ಳವರ ಚಿಕಿತ್ಸೆ ಎನ್ನುವವರಿದ್ದಾರೆ. ಸ್ಕ್ರೂವಿನ ಬೆಲೆ ಹೆಚ್ಚಿರುವುದು ನಿಜ. ಎದುರಿಗೆ ವಾರ್ಡಿನ ದಿನಗಳು, ರಕ್ತ, ಗಾಯ ಕೀವಾದರೆ ಮತ್ತೆ ಥಿಯೇಟರು, ರೋಗಿಯ ಜೊತೆ ನಿಲ್ಲುವವರ ಕಳೆದುಹೋದ ಕೂಲಿ, ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜು ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷದವರೆಗೆ ನೆರವಿನ ವ್ಯವಸ್ಥೆ ಇದೆ. ದೊಡ್ಡ ಚಿಕಿತ್ಸೆಗಳಿಗೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ಕಾಲು ಸೋಲುತ್ತಿರುವುದು ತುರ್ತು ಸಂದರ್ಭ. ಚೀಟಿಗಾಗಿ ಸೋಮವಾರದವರೆಗೆ ಕಾಯುವಂಥದ್ದಲ್ಲ.

ಇನ್ನು ಆ ಕಳೆದುಹೋಗುವ ತಿಂಗಳುಗಳು. ಸ್ಕಾಟ್ಲೆಂಡಿನಲ್ಲಿ ಕ್ಯಾನ್ಸರಿನಿಂದ ಬೆನ್ನುಹುರಿ ಒತ್ತಿಹೋದ 319 ರೋಗಿಗಳ ಇತಿಹಾಸ ಸಂಗ್ರಹಿಸಿ 2002ರಲ್ಲಿ ಒಂದು ವರದಿ ಪ್ರಕಟವಾಯಿತು. ಅಲ್ಲಿ ಚಿಕಿತ್ಸೆ ಸರಕಾರದ ಖರ್ಚಿನಲ್ಲಿ, ರಸ್ತೆ ಚೆನ್ನಾಗಿದೆ, ಪ್ರತಿ ಕುಟುಂಬಕ್ಕೂ ಒಬ್ಬ ವೈದ್ಯರಿದ್ದಾರೆ. ಹಾಗಿದ್ದೂ ರೋಗ ಪತ್ತೆಯಾಗುವಾಗ ನೂರಕ್ಕೆ 82 ಮಂದಿ ನಡೆಯಲಾರದವರು ಅಥವಾ ಇನ್ನೊಬ್ಬರ ಆಸರೆಯಲ್ಲಿ ಮಾತ್ರ ನಡೆಯುವವರು. ಅಷ್ಟರಲ್ಲಿ ಅವರಿಗೆ ನೋವು ಶುರುವಾಗಿ ಸರಾಸರಿ ಮೂರು ತಿಂಗಳಾಗಿತ್ತು, ಕಾಲು ಸೋಲತೊಡಗಿ ಮೂರು ವಾರ. ನೋವಿದ್ದ ಜಾಗವೂ ಗಡ್ಡೆಯಿದ್ದ ಜಾಗವೂ ಎಷ್ಟೋ ಸಲ ಒಂದೇ ಆಗಿರಲಿಲ್ಲ. ಈ ಕೊನೆಯ ಮಾತು ನಮಗೂ ನೇರ ಅನ್ವಯಿಸುತ್ತದೆ. ಸೊಂಟನೋವು, ಕಾಲಿನಲ್ಲಿ ಬಲವಿಲ್ಲ ಎಂದು ಹೋದರೆ ಸೊಂಟದ ಎಂಆರ್‌ಐ ಮಾತ್ರ ಮಾಡಿಸುವುದು ವಾಡಿಕೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ ಎಂದೆನಲ್ಲ. ಎದೆಯ ಹಿಂದಿನ ಗಡ್ಡೆ ಆ ಚಿತ್ರದ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಸೊಂಟದಲ್ಲಿ ಪ್ರಾಯಕ್ಕೆ ತಕ್ಕ ಡಿಸ್ಕ್ ಸವೆತ ಇದ್ದೇ ಇರುತ್ತದೆ, ತಪ್ಪೆಲ್ಲ ಅದರ ತಲೆಗೆ ಬೀಳುತ್ತದೆ. ಎಕ್ಸ್‌ರೇ ಇನ್ನೂ ಮೋಸ, ಮೂಳೆಯ ಮೂರನೇ ಒಂದು ಭಾಗವಾದರೂ ಕರಗದೆ ಅದರಲ್ಲಿ ಏನೂ ಕಾಣದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಇಲ್ಲಿ ಬೆನ್ನುನೋವಿಲ್ಲದ ಮನೆ ಇಲ್ಲ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಕತ್ತು ಬಗ್ಗಿಸಿ ದಿನವಿಡೀ ಬೀಡಿ ಕಟ್ಟುವ ಹೆಂಗಸರು, ಅಡಿಕೆ ಮರ ಹತ್ತಿ ಕೊಯ್ಯುವವರು, ಮದ್ದು ಬಿಡುವವರು, ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಹೊರುವವರು, ನಸುಕಿನಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಎಲ್ಲರಿಗೂ ನೋವಿಗೊಂದು ಸಿದ್ಧ ಕಾರಣ ಇದೆ. ‘ಬೀಡಿ ಕಟ್ಟುವವರಿಗೆ ಬೆನ್ನು ನೋಯದೆ ಇರುತ್ತದಾ’ ಎಂಬ ಮಾತು ನೂರರಲ್ಲಿ ತೊಂಬತ್ತೊಂಬತ್ತು ಸಲಕ್ಕಿಂತಲೂ ಹೆಚ್ಚು ಸರಿ. ಗಡ್ಡೆ ಅಡಗುವುದು ಆ ಉಳಿದದ್ದರಲ್ಲಿ. ಹಾಗಾದರೆ ಬೆನ್ನುನೋವು ಇದ್ದವರೆಲ್ಲ ಎಂಆರ್‌ಐ ಮಾಡಿಸಬೇಕೇ ಎಂದರೆ, ಖಂಡಿತ ಬೇಡ. ಅದು ಹಣ ಪೋಲು, ಇಲ್ಲದ ಭಯ, ಬೇಡದ ಆಪರೇಷನ್‌ಗಳಿಗೂ ದಾರಿ. ಕೆಲಸದ ನೋವಿಗೂ ಈ ನೋವಿಗೂ ನಡತೆಯಲ್ಲಿ ವ್ಯತ್ಯಾಸ ಇದೆ. ದುಡಿಮೆಯ ನೋವು ಸಂಜೆಗೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಗಡ್ಡೆಯ ನೋವು ಮಲಗಿದಾಗಲೇ ಏರುತ್ತದೆ, ರಾತ್ರಿ ಎಬ್ಬಿಸುತ್ತದೆ, ವಾರದಿಂದ ವಾರಕ್ಕೆ ಬೆಳೆಯುತ್ತದೆ. ಕೆಲವರಿಗೆ ಪಕ್ಕೆಯ ಸುತ್ತ ಪಟ್ಟಿ ಬಿಗಿದಂತಾಗುತ್ತದೆ, ಕೆಮ್ಮಿದರೆ ಸೀನಿದರೆ ಚುಚ್ಚುತ್ತದೆ. ನಂತರ ಬರುವ ಸೂಚನೆಗಳನ್ನು ಮನೆಯವರು ವೈದ್ಯರಿಗಿಂತ ಮೊದಲು ಗಮನಿಸಬಲ್ಲರು. ಕಾಲಿನಿಂದ ಚಪ್ಪಲಿ ಜಾರಿಬಿದ್ದದ್ದು ಗೊತ್ತಾಗುವುದಿಲ್ಲ. ಬಸ್ಸಿನ ಮೆಟ್ಟಿಲಿಗೆ ಕಾಲು ಎತ್ತುವಾಗ ಸೋಲುತ್ತದೆ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಮೈ ತೂರಾಡುತ್ತದೆ. ಕಾಲು ಎಲ್ಲಿದೆ ಎಂದು ಹುರಿ ಹೇಳುವುದನ್ನು ಬಿಟ್ಟಿದೆ, ಅಷ್ಟು ದಿನ ಕಣ್ಣು ಆ ಕೆಲಸ ಮಾಡುತ್ತಿತ್ತು. ಮೂತ್ರ ಕಟ್ಟುವುದು, ಗೊತ್ತಿಲ್ಲದೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಇಷ್ಟಾದ ಮೇಲೂ ಬೆನ್ನು ಉಜ್ಜಿಸುವುದು, ಎಳೆಸುವುದು, ತುಳಿಸುವುದು ಮಾಡಿದರೆ ಕರಗಿದ ಮೂಳೆ ಆ ಕ್ಷಣವೇ ಕುಸಿಯಬಹುದು. ಉಜ್ಜುವವರ ಮೇಲೆ ನನಗೆ ಕೋಪವಿಲ್ಲ. ಉಳುಕಿಗೆ ಅವರ ಕೈ ಒಳ್ಳೆಯದೇ ಇರಬಹುದು, ಈ ರೋಗಕ್ಕೆ ಮಾತ್ರ ಅದು ತಾಗಬಾರದು. ಹಿಂದೆ ಕ್ಯಾನ್ಸರ್ ಆಗಿ ಗುಣವಾದವರಿಗಂತೂ ಹೊಸ ಬೆನ್ನುನೋವು ಎಂದರೆ ಮೊದಲ ವಾರದಲ್ಲೇ ವೈದ್ಯರ ಬಳಿ ಹೋಗಬೇಕು, ಐದು ವರ್ಷ, ಹತ್ತು ವರ್ಷ ಕಳೆದಿದ್ದರೂ. ಹುರಿ ಒತ್ತಿದೆ ಎಂಬ ಸಂಶಯ ಬಂದರೆ 24 ಗಂಟೆಯೊಳಗೆ ಇಡೀ ಬೆನ್ನಿನ ಎಂಆರ್‌ಐ ಆಗಬೇಕು ಎಂದು ಬ್ರಿಟನ್ನಿನ ಮಾರ್ಗಸೂಚಿ 2008ರಿಂದ ಹೇಳುತ್ತಿದೆ. ಮೆಲ್ಕಾರ್‌ನಿಂದ ಒಂದು ಗಂಟೆಯ ದಾರಿಗೆ ಇದು ಅಸಾಧ್ಯವಾದ ಗುರಿಯಲ್ಲ.

ಕೊನೆಯ ಆಕ್ಷೇಪವನ್ನು ಜನ ಗಟ್ಟಿಯಾಗಿ ಹೇಳುವುದಿಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೆ ಇನ್ನೆಷ್ಟು ದಿನ, ಯಾಕೆ ಕೊಯ್ಯಿಸಿ ನೋಯಿಸಬೇಕು ಎಂದು ಮನೆಯ ಹಿರಿಯರು ಪಡಸಾಲೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಅದರಲ್ಲಿ ಪ್ರೀತಿ ಇದೆ. ತೀರಾ ನಿತ್ರಾಣರಾದವರಿಗೆ, ಕೆಲವೇ ವಾರ ಉಳಿದವರಿಗೆ ಆಪರೇಷನ್ ಬೇಡ ಎಂದು ವೈದ್ಯರೂ ಹೇಳುತ್ತಾರೆ. ನೋವಿನ ಮದ್ದು, ಒಂದೆರಡು ಸಲದ ವಿಕಿರಣ ಸಾಕು. ಆದರೆ ಉಳಿದವರ ಪ್ರಶ್ನೆ ಎಷ್ಟು ದಿನ ಬದುಕುತ್ತಾರೆ ಎಂಬುದಕ್ಕಿಂತ, ಇರುವಷ್ಟು ದಿನ ಎದ್ದು ನಡೆಯುತ್ತಾರೋ ಎಂಬುದು. ಪ್ಯಾಚೆಲ್ ಅಧ್ಯಯನದಲ್ಲಿ ನಡೆಯುವ ಶಕ್ತಿ ಉಳಿದದ್ದು ವಿಕಿರಣ ಮಾತ್ರ ಸಿಕ್ಕವರಿಗೆ ಸರಾಸರಿ 13 ದಿನ, ಆಪರೇಷನ್ನೂ ಆದವರಿಗೆ 122 ದಿನ. ಈ ನಾಲ್ಕು ತಿಂಗಳನ್ನು ನಮ್ಮ ಊರಿನ ಮನೆಯಲ್ಲಿಟ್ಟು ನೋಡಬೇಕು. ಗುಡ್ಡದ ಬದಿಯಲ್ಲಿ ಮನೆ, ರಸ್ತೆಯಿಂದ ಇಳಿಯಲು ಕೆಂಪುಕಲ್ಲಿನ ಮೆಟ್ಟಿಲು, ಬಚ್ಚಲು ಅಂಗಳದಾಚೆ, ಮಳೆಗಾಲದಲ್ಲಿ ಅಂಗಳ ಪೂರಾ ಪಾಚಿ. ಮಗ ಗಲ್ಫಿನಲ್ಲೋ ಬೆಂಗಳೂರಿನಲ್ಲೋ. ಮನೆಯಲ್ಲಿ ಉಳಿದವರು ಸೊಸೆ, ಶಾಲೆಗೆ ಹೋಗುವ ಮಕ್ಕಳು. ಕಾಲಿಲ್ಲದ ಹಿರಿಯರನ್ನು ಎತ್ತಿ ಹೊರಳಿಸಬೇಕು, ಹಾಸಿಗೆ ಹುಣ್ಣು ಕಾಯಬೇಕು, ಮೂತ್ರದ ಚೀಲ ಬದಲಿಸಬೇಕು. ಕಿಮೋಗೆ ಕರೆದೊಯ್ಯುವುದಂತೂ ಮೆಟ್ಟಿಲು ಹತ್ತಿಸಿ ಆಂಬ್ಯುಲೆನ್ಸಿಗೆ ಏರಿಸುವಷ್ಟರಲ್ಲೇ ಕೈಬಿಡುವ ಕೆಲಸ. ಅದೇ ಮನೆಯಲ್ಲಿ 122 ದಿನ ಅವರು ತಾವೇ ಎದ್ದು ಬಚ್ಚಲಿಗೆ ಹೋಗಿ, ಚಾವಡಿಯಲ್ಲಿ ಕೂತು ಅಡಿಕೆ ಒಣಗಿದೆಯೇ ಎಂದು ನೋಡುವಂತಾದರೆ ಅದನ್ನು ಕೊನೆಯ ಹಂತ ಎಂಬ ಒಂದು ಮಾತಿನಲ್ಲಿ ತೂಗಿ ಬಿಡಲಾಗದು.

ಹಾಗೆ ಹೊರಡುವಾಗ ರೋಗಿಯನ್ನು ರಿಕ್ಷಾದಲ್ಲಿ ಕೂರಿಸಿ ಕುಲುಕಿಸಬೇಡಿ, ಕಾರಿನ ಹಿಂದಿನ ಸೀಟಿನಲ್ಲೋ ಆಂಬ್ಯುಲೆನ್ಸಿನಲ್ಲೋ ಮಲಗಿಸಿ. ಕೊನೆಯ ಸಲ ಆಸರೆಯಿಲ್ಲದೆ ನಡೆದದ್ದು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮನೆಯವರೆಲ್ಲ ಒಮ್ಮೆ ಕೇಳಿಕೊಂಡು ಬರೆದಿಟ್ಟುಕೊಳ್ಳಿ. ಹಳೆಯ ಕ್ಯಾನ್ಸರಿನ ಫೈಲು, ಬಯಾಪ್ಸಿಯ ರಿಪೋರ್ಟು ಕಪಾಟಿನ ಮೇಲಿದ್ದರೆ ಧೂಳು ಕೊಡವಿ ಚೀಲಕ್ಕೆ ಹಾಕಿ. ತುರ್ತು ವಿಭಾಗದಲ್ಲಿ ಮೊದಲು ಸಿಗುವ ವೈದ್ಯರಿಗೆ ‘ಬೆನ್ನುನೋವು’ ಎಂದಷ್ಟೇ ಹೇಳಿ ಸಾಲಿನಲ್ಲಿ ಕೂರಬೇಡಿ. ‘ಬೆನ್ನುನೋವಿದೆ, ಮೊನ್ನೆಯಿಂದ ಕಾಲು ಸೋಲುತ್ತಿದೆ, ಆರು ವರ್ಷದ ಹಿಂದೆ ಎದೆಯ ಗಡ್ಡೆ ತೆಗೆದಿದ್ದಾರೆ’ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಆ ಫೈಲನ್ನು ಅವರ ಮೇಜಿನ ಮೇಲಿಡಿ.